ಎರವಲು ಯಜಮಾನರಿಂದ ಬ್ಯಾಂಕು ಬೆಳೆಯದು

ಸ್ಟೇಟ್ ಬ್ಯಾಂಕಿನ ನಾಲ್ಕು ವ್ಯವಸ್ಥಾಪಕ ನಿರ್ದೇಶಕರ ಹುದ್ದೆಗಳಲ್ಲಿ ಒಂದಕ್ಕೆ ಖಾಸಗಿ ವಲಯದವರೂ ಬರಬಹುದು, ಉಳಿದ ಸರ್ಕಾರಿ ಬ್ಯಾಂಕುಗಳ ಕಾರ್ಯನಿರ್ವಾಹಕ ನಿರ್ದೇಶಕರ ಮಟ್ಟದಲ್ಲೂ ಬಾಗಿಲು ತೆರೆದಿರುತ್ತದೆ ಎಂದು ಕೇಂದ್ರ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಹೇಳಿದ್ದೇ ತಡ, ಜಗಳ ಶುರುವಾಯಿತು. ಇದು ಖಾಸಗೀಕರಣದ ಹಿಂಬಾಗಿಲು ಎನ್ನುವವರು ಒಂದು ಕಡೆ, ಕೊನೆಗೂ ಪ್ರತಿಭೆಗೆ ಬೆಲೆ ಬಂತು ಎಂದು ಬೆನ್ನು ತಟ್ಟುವವರು ಇನ್ನೊಂದು ಕಡೆ. ಇಬ್ಬರೂ ತಪ್ಪು ಜಾಗದಲ್ಲಿ ಗುದ್ದಾಡುತ್ತಿದ್ದಾರೆ. ಈ ಕ್ರಮದಿಂದ ದೊಡ್ಡ ಅನಾಹುತವೂ ಆಗದು, ದೊಡ್ಡ ಉಪಕಾರವೂ ಆಗದು. ಸರ್ಕಾರಿ ಬ್ಯಾಂಕುಗಳ ನೋವಿರುವುದು ನಡುವಿನಲ್ಲಿ; ಔಷಧ ಹಚ್ಚುತ್ತಿರುವುದು ತಲೆಗೆ.

ಪ್ರಯೋಗವೇನೂ ಹೊಸದಲ್ಲ. 2015ರಲ್ಲಿ ಸರ್ಕಾರಿ ಬ್ಯಾಂಕುಗಳ ಸುಧಾರಣೆಯ ‘ಇಂದ್ರಧನುಷ್’ ಯೋಜನೆಯ ಹೆಸರಿನಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಪಿ.ಎಸ್. ಜಯಕುಮಾರ್, ನಮ್ಮ ಕೆನರಾ ಬ್ಯಾಂಕಿಗೆ ರಾಕೇಶ್ ಶರ್ಮಾ ಹೊರಗಿನಿಂದ ಬಂದರು. ಶರ್ಮಾ ಅವರನ್ನು ಖಾಸಗಿಯವರೆಂದು ಕರೆದದ್ದು ಲಕ್ಷ್ಮೀ ವಿಲಾಸ್ ಬ್ಯಾಂಕಿನ ಮುಖ್ಯಸ್ಥರಾಗಿದ್ದರು ಎಂಬ ಕಾರಣಕ್ಕೆ. ಅಲ್ಲಿದ್ದದ್ದು ಹೆಚ್ಚುಕಮ್ಮಿ ಒಂದೂವರೆ ವರ್ಷ. ಅದಕ್ಕೆ ಮುಂಚಿನ ಮೂರು ದಶಕ ಅವರು ಕೆಲಸ ಕಲಿತದ್ದೆಲ್ಲ ಸ್ಟೇಟ್ ಬ್ಯಾಂಕಿನಲ್ಲಿ! ಅಂದರೆ ಸರ್ಕಾರ ತನ್ನದೇ ಮನೆಯ ಫಸಲನ್ನು ಸಂತೆಯಿಂದ ಕೊಂಡು ತಂದಿತು.

ಶರ್ಮಾ ಅವರ ಅವಧಿಯ 2017–18ರಲ್ಲಿ ಕೆನರಾ ಬ್ಯಾಂಕ್ 4,222 ಕೋಟಿ ರೂಪಾಯಿ ನಷ್ಟ ತೋರಿಸಿತು. 1988ರಲ್ಲಿ ವಿಜಯಾ ಬ್ಯಾಂಕಿಗೆ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದ ಕೆ. ಸತ್ಯನಾರಾಯಣ ರಾಜು ಅವರ ಅವಧಿಯ 2024–25ರಲ್ಲಿ ಅದೇ ಕೆನರಾ ಬ್ಯಾಂಕ್ 17,027 ಕೋಟಿ ರೂಪಾಯಿ ಲಾಭ ತೋರಿಸಿತು. ‘ನೋಡಿ, ಒಳಗಿನವರೇ ವಾಸಿ’ ಎಂದು ಇದನ್ನು ಹಿಡಿದು ಕುಣಿಯಬಹುದು. ಆದರೆ ಅದು ಪ್ರಾಮಾಣಿಕ ಲೆಕ್ಕವಲ್ಲ. ಆ ನಷ್ಟದ ಬೇರಿದ್ದದ್ದು ರಿಸರ್ವ್ ಬ್ಯಾಂಕ್ ತಪಾಸಣೆಗೆ ಇಳಿದ ಮೇಲೆ ಹೊರಬಿದ್ದ ಹಳೆಯ ಕೆಟ್ಟ ಸಾಲಗಳಲ್ಲಿ. ಈ ಲಾಭದಲ್ಲಿ ಸರ್ಕಾರ ತುಂಬಿದ ಬಂಡವಾಳ, ದಿವಾಳಿ ಸಂಹಿತೆ, ಸಿಂಡಿಕೇಟ್ ಬ್ಯಾಂಕಿನ ವಿಲೀನ ಎಲ್ಲದರ ಪಾಲೂ ಇದೆ. ಮೂರು ವರ್ಷಕ್ಕೆ ಬಂದು ಹೋಗುವ ಮುಖ್ಯಸ್ಥರ ಖಾತೆಗೆ ಬೀಳುವುದು ಬಹುಮಟ್ಟಿಗೆ ಹತ್ತು ವರ್ಷದ ಹಿಂದೆ ಯಾರೋ ಮಾಡಿಟ್ಟ ಪುಣ್ಯ, ಇಲ್ಲವೇ ಪಾಪ.

ಯಾರೂ ಎತ್ತದ ಅಂಕಿಯೊಂದಿದೆ: 80. ಸರ್ಕಾರಿ ಬ್ಯಾಂಕುಗಳ ಸಿಬ್ಬಂದಿ ವಿಷಯ ನೋಡಲು ನೇಮಿಸಿದ್ದ ಎ.ಕೆ. ಖಂಡೇಲ್‌ವಾಲ್ ಸಮಿತಿ 2010ರಲ್ಲಿ ವರದಿ ಕೊಟ್ಟಿತು. ಐದು ವರ್ಷದೊಳಗೆ ಜನರಲ್ ಮ್ಯಾನೇಜರುಗಳಲ್ಲಿ ಶೇ 80ರಷ್ಟು, ಡೆಪ್ಯುಟಿ ಜನರಲ್ ಮ್ಯಾನೇಜರುಗಳಲ್ಲಿ ಶೇ 65ರಷ್ಟು ಮಂದಿ ನಿವೃತ್ತರಾಗುತ್ತಾರೆ ಎಂದು ಅದು ಎಚ್ಚರಿಸಿತ್ತು. ಅವರ ಜಾಗಕ್ಕೆ ಬರಬೇಕಾದವರು ಎಲ್ಲಿದ್ದರು? ನೇಮಕವೇ ಆಗಿರಲಿಲ್ಲ. 1990ರ ದಶಕದಲ್ಲಿ ಹೊಸಬರನ್ನು ತೆಗೆದುಕೊಳ್ಳುವುದು ಬಹುಪಾಲು ನಿಂತಿತ್ತು. 2000–01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ (ವಿಆರ್‌ಎಸ್) ಸುಮಾರು ಒಂದು ಲಕ್ಷ ಮಂದಿ ಗಂಟು ಕಟ್ಟಿದರು. ಮುಂದೆ ನೇಮಕಾತಿ ಚುರುಕಾಗುವ ಹೊತ್ತಿಗೆ ಒಂದು ಇಡೀ ತಲೆಮಾರು ನಡುವೆ ಕಾಣೆಯಾಗಿತ್ತು. ಮೇಲೆ ಐವತ್ತು ದಾಟಿದವರು, ಕೆಳಗೆ ಇಪ್ಪತ್ತೈದರ ಹುಡುಗರು, ಮಧ್ಯೆ ಬರೀ ಖಾಲಿ. ಕಲಿಸುವವರು ಹೊರಟರು, ಕಲಿಯುವವರು ಆಮೇಲೆ ಬಂದರು. ಇಬ್ಬರಿಗೂ ಮುಖಾಮುಖಿಯೇ ಆಗಲಿಲ್ಲ.

ಇದರ ಪರಿಣಾಮ ಗೊತ್ತಾಗಬೇಕಾದರೆ ಮಲೆನಾಡಿನ ಯಾವುದಾದರೂ ಶಾಖೆಗೆ ಹೋಗಿ. ಅಡಿಕೆ ಬೆಳೆಗಾರ ಸಾಲಕ್ಕೆ ಅರ್ಜಿ ಕೊಟ್ಟರೆ ಹಳೆಯ ಕಾಲದ ಒಳ್ಳೆಯ ಮ್ಯಾನೇಜರು ಕಿರಿಯ ಅಧಿಕಾರಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತೋಟಕ್ಕೆ ಹೋಗುತ್ತಿದ್ದರು. ಬಾವಿಯಲ್ಲಿ ಏಪ್ರಿಲ್‌ಗೆ ನೀರು ಎಷ್ಟು ಉಳಿಯುತ್ತದೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ್ದಾಗಿದೆಯೇ, ಕೊಟ್ಟಿಗೆಯಲ್ಲಿ ದನಗಳಿವೆಯೇ, ಪಕ್ಕದ ಮನೆಯವರು ಈತನ ಬಗ್ಗೆ ಏನನ್ನುತ್ತಾರೆ – ಅರ್ಜಿಯ ಯಾವ ಕಾಲಂನಲ್ಲೂ ಇಲ್ಲದ ಈ ಪ್ರಶ್ನೆಗಳನ್ನು ಹುಡುಗ ಕೇಳಿಸಿಕೊಂಡೇ ಕಲಿಯುತ್ತಿದ್ದ. ಈಗ ಪಹಣಿಯೂ ಸಿಬಿಲ್ ಸ್ಕೋರೂ ಪರದೆಯ ಮೇಲಿವೆ. ಕಲಿಸಬೇಕಾದ ಮ್ಯಾನೇಜರಿಗೂ ಊರು ಹೊಸದು, ಎಷ್ಟೋ ಕಡೆ ಭಾಷೆಯೂ ಹೊಸದು. ಮಾತು ಹತ್ತುವಷ್ಟರಲ್ಲಿ ವರ್ಗಾವಣೆ. ಇದ್ದಷ್ಟು ದಿನ ವಿಮೆ ಪಾಲಿಸಿಯ ಟಾರ್ಗೆಟ್ಟು ಕುತ್ತಿಗೆಯ ಮೇಲೆ. ಇಂಥವರಿಂದ ತೋಟ ನೋಡುವ ಕಣ್ಣನ್ನು ಹುಡುಗ ಎಲ್ಲಿಂದ ಪಡೆಯಬೇಕು?

ಖಾಸಗಿ ಬ್ಯಾಂಕುಗಳು ನಾಯಕರನ್ನು ಬೆಳೆಸಲಿಲ್ಲವೇ ಎಂದು ಕೇಳುವವರಿದ್ದಾರೆ. ಬೆಳೆಸಿವೆ. ಹೇಗೆ ಎಂದು ಮಾತ್ರ ಅವರು ನೋಡುವುದಿಲ್ಲ. 2024ರಲ್ಲಿ ತೀರಿಕೊಂಡ ಎನ್. ವಾಘುಲ್ ಅವರ ಹೆಸರು ಹೇಳದೆ ನಾಯಕತ್ವ, ಮಾರ್ಗದರ್ಶನಗಳ ಯಾವ ಬ್ಯಾಂಕಿಂಗ್ ಭಾಷಣವೂ ಮುಗಿಯುವುದಿಲ್ಲ. ಅವರು ಶುರು ಮಾಡಿದ್ದು ಸ್ಟೇಟ್ ಬ್ಯಾಂಕಿನ ಪ್ರೊಬೇಷನರಿ ಅಧಿಕಾರಿಯಾಗಿ. 44ನೇ ವಯಸ್ಸಿಗೆ ಸರ್ಕಾರಿ ಸ್ವಾಮ್ಯದ ಬ್ಯಾಂಕ್ ಆಫ್ ಇಂಡಿಯಾದ ಅಧ್ಯಕ್ಷರು. 1985ರಲ್ಲಿ ಐಸಿಐಸಿಐ ಸೇರಿದವರು ಒಂದಲ್ಲ ಒಂದು ಹೊಣೆಯಲ್ಲಿ 2009ರವರೆಗೂ ಅಲ್ಲೇ ಇದ್ದರು. ಮಂಗಳೂರಿನ ಕೆ.ವಿ. ಕಾಮತ್ ಅವರಿಗೆ 1996ರಲ್ಲಿ ಅಧಿಕಾರ ಒಪ್ಪಿಸಿ, ಹದಿಮೂರು ವರ್ಷ ಬೆನ್ನಿಗೆ ನಿಂತರು. ಲಲಿತಾ ಗುಪ್ತೆ, ಕಲ್ಪನಾ ಮೊರ್‍ಪಾರಿಯಾ, ಶಿಖಾ ಶರ್ಮಾ ಬೆಳೆದದ್ದು ಆ ನೆರಳಿನಲ್ಲಿ. ಸರ್ಕಾರಿ ಬ್ಯಾಂಕಿನಲ್ಲಿ ಪಳಗಿದ ಮನುಷ್ಯನಿಗೆ ಐಸಿಐಸಿಐ ಕೊಟ್ಟದ್ದು ಕಾಲಾವಕಾಶ. ಖಾಸಗಿ ಬ್ಯಾಂಕಿನ ಮುಖ್ಯಸ್ಥರಿಗೆ ರಿಸರ್ವ್ ಬ್ಯಾಂಕ್ ಇಂದಿಗೂ 15 ವರ್ಷದವರೆಗೆ ಅವಕಾಶ ಕೊಡುತ್ತದೆ. ಸರ್ಕಾರಿ ಬ್ಯಾಂಕಿನ ಮುಖ್ಯಸ್ಥರು ಬಹುಪಾಲು ಆ ಕುರ್ಚಿ ಮುಟ್ಟುವುದೇ ಐವತ್ತೇಳು, ಐವತ್ತೆಂಟಕ್ಕೆ. ಅರವತ್ತಕ್ಕೆ ಹಾರ, ಶಾಲು. ಖಾಸಗಿಯಿಂದ ಆಳನ್ನು ತಂದು ಇದೇ ಮೂರು ವರ್ಷದ ಕುರ್ಚಿಯಲ್ಲಿ ಕೂರಿಸಿದರೆ ಆತನೂ ತ್ರೈಮಾಸಿಕದ ಲೆಕ್ಕ ನೋಡಿಕೊಂಡು ಹೋಗುತ್ತಾನೆ, ಅಷ್ಟೆ.

ಬ್ಯಾಂಕುಗಳ ಸಮಾಜಸೇವೆಯ ಮಾತಿಗೂ ಇದೇ ನ್ಯಾಯ. ಈಗ ಅದೆಂದರೆ ಶಾಲೆಗೆ ಬೆಂಚು, ಆಸ್ಪತ್ರೆಗೆ ಆಂಬುಲೆನ್ಸ್, ಜೊತೆಗೊಂದು ಬ್ಯಾನರು. 1982ರಲ್ಲಿ ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಮತ್ತು ಧರ್ಮಸ್ಥಳ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಕಟ್ಟಿದಾಗ ಅದು ಬ್ಯಾಂಕಿಂಗ್ ಕೆಲಸವೇ ಆಗಿತ್ತು: ನಿರುದ್ಯೋಗಿಗೆ ಊಟ, ವಸತಿ ಕೊಟ್ಟು ಕಸುಬು ಕಲಿಸುವುದು, ಆಮೇಲೆ ಸಾಲಕ್ಕೆ ದಾರಿ ಮಾಡಿಕೊಡುವುದು. ಊರು ಬಲ್ಲ ಬ್ಯಾಂಕರುಗಳಿಗೆ ಮಾತ್ರ ಹೊಳೆಯುವ ಯೋಚನೆ ಅದು. ಕೇಂದ್ರ ಸರ್ಕಾರ ಅದೇ ಮಾದರಿಯನ್ನು ಆರ್‌ಸೆಟಿ ಎಂದು ದೇಶದ ತುಂಬ ಹರಡಿತು. ಅಲ್ಲಿ ತರಬೇತಿ ಮುಗಿಸಿ ಹೋದವರ ಬೆನ್ನಿಗೆ ಎರಡು ವರ್ಷ ನಿಲ್ಲಬೇಕೆಂಬ ನಿಯಮವಿದೆ. ಹೊಲಿಗೆ ಕಲಿತು ಹೋದ ಹೆಣ್ಣುಮಗಳಿಗೆ ಕಾಗದದ ಮೇಲಾದರೂ ಸಿಗುವ ಈ ಎರಡು ವರ್ಷದ ಆಸರೆ, ಅದೇ ಬ್ಯಾಂಕಿನ ಕಿರಿಯ ಅಧಿಕಾರಿಗೆ ಇಲ್ಲ.

ಹೊರಗಿನವರನ್ನು ತರುವುದಾದರೆ ತನ್ನಿ, ತಕರಾರಿಲ್ಲ. ಜೊತೆಗೆ ನಾಲ್ಕು ಕೆಲಸ ಆಗಲಿ. ಹೊರಗಿನವರಿರಲಿ, ಒಳಗಿನವರಿರಲಿ, ಮುಖ್ಯಸ್ಥರಿಗೆ ಕನಿಷ್ಠ ಐದು ವರ್ಷ ಕೊಡಿ. ಗ್ರಾಮೀಣ ಶಾಖೆಯ ಮ್ಯಾನೇಜರನ್ನು ಊರು ಅರ್ಥವಾಗುವ ಮೊದಲೇ ಎತ್ತಂಗಡಿ ಮಾಡಬೇಡಿ. ಹೊಸ ಅಧಿಕಾರಿಯ ಮೊದಲ ಎರಡು ವರ್ಷವನ್ನು ಟಾರ್ಗೆಟ್‌ನಿಂದ ಹೊರಗಿಡಿ. ನಾಲ್ಕನೆಯದಕ್ಕೆ ಪೈಸೆ ಖರ್ಚಿಲ್ಲ. ಉನ್ನತ ಹುದ್ದೆಗೆ ಬಂದ ಪ್ರತಿ ಅಭ್ಯರ್ಥಿಯನ್ನೂ ಆಯ್ಕೆ ಮಂಡಳಿ ಕೇಳಲಿ: ನಿಮ್ಮ ಕೈಕೆಳಗೆ ಬೆಳೆದು ಇಂದು ದೊಡ್ಡ ಹೊಣೆ ಹೊತ್ತಿರುವವರು ಯಾರು? ನಿವೃತ್ತರ ನೆನಪಿನ ಪುಸ್ತಕಗಳಲ್ಲಿ ಈ ಪ್ರಶ್ನೆಗೆ ಪುಟಗಟ್ಟಲೆ ಉತ್ತರವಿರುತ್ತದೆ. ಸೇವೆಯಲ್ಲಿರುವಾಗಲೇ ಅದಕ್ಕೆ ಅಂಕ ಸಿಗಲಿ. ಐದು ಹೆಸರು ಹೇಳಲಾಗದವರು ಸಿಟಿಬ್ಯಾಂಕಿನಿಂದ ಬಂದಿರಲಿ, ಸಿಂಡಿಕೇಟಿನಿಂದ ಬಂದಿರಲಿ, ಹೊರಗೇ ಇರಲಿ.