ಕ್ರಿಮಿಗೆ ಜಾತಿ ಇಲ್ಲ



ಬಾಡು ತಿನ್ನೋರು ಕೊಳಕರು ಅಂತಾರೆ. ನಾವು ಕೇಳ್ತೀವಿ: ಕೊಳಕು ಎಲ್ಲಿಂದ ಬಂತು?

ಇ. ಕೋಲಿ, ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಗಳು ದನ, ಕುರಿ, ಕೋಳಿಗಳ ಕರುಳಲ್ಲಿರುತ್ತವೆ. ಕೊಯ್ಯುವಾಗ ಕರುಳು ಹರಿದರೆ ಬಾಡಿಗೆ ಮೆತ್ತುತ್ತವೆ. ಅದೇ ಮಚ್ಚು, ಅದೇ ಕೊರಡು, ಅದೇ ಬಕೆಟ್ಟಿನ ನೀರು. ಇಡೀ ಅಂಗಡಿಗೆ ಹರಡುತ್ತವೆ. ಬೆಚ್ಚನೆ ಹದ ಸಿಕ್ಕರೆ ಇ. ಕೋಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. 6 ಗಂಟೆಯಲ್ಲಿ ಒಂದು ಹೋಗಿ ಎರಡೂವರೆ ಲಕ್ಷ!

ತಡೆಯೋದಕ್ಕೆ ಬೇಕಾದ್ದು ಹರಿಯೋ ನೀರು, ಮುಚ್ಚಿದ ಚರಂಡಿ, ಸೋಪು, ತಣ್ಣನೆ ಪೆಟ್ಟಿಗೆ. 2006ರ ಆಹಾರ ಸುರಕ್ಷತಾ ಕಾಯ್ದೆ ಬೀದಿಬದಿಯ ಸಣ್ಣ ಅಂಗಡಿಗೂ ನೋಂದಣಿ ಕೇಳುತ್ತದೆ. ಕೇಳಲಿ. ನೋಂದಣಿ ಕೇಳೋರು ನಲ್ಲಿ ಯಾಕೆ ಹಾಕ್ಸಲ್ಲ?

ನಮ್ಮವ್ವಂದಿರು ಬಾಡು ಸೀಳಿ, ಉಪ್ಪು ಹಚ್ಚಿ, ಬಿಸಿಲಿಗೆ ಹಾಕಿ ಕೊರಬಾಡು ಮಾಡಿದರು. ನೀರಿನಂಶ ಆರಿದರೆ ಕ್ರಿಮಿ ಬೆಳೆಯದು. ಅದೂ ವಿಜ್ಞಾನವೇ.

ಆದರೆ ನೊಣ ಮುತ್ತಿದ್ದನ್ನು ನಮ್ಮದೆಂದು ಸಮರ್ಥಿಸೋದು ಬೇಡ. ಸಾಯೋದು ನಮ್ಮ ಮಕ್ಕಳೇ. ಹಾಸ್ಟೆಲ್ ಅಡಿಗೆಮನೆಯಲ್ಲಿ ಹಸಿಬಾಡು ಕೊಯ್ದ ಹಲಗೆ ಮೇಲೆ ಈರುಳ್ಳಿ ಹೆಚ್ಚೋಕೆ ಬಿಡಬೇಡಿ. ಬಾಡು ಪೂರಾ ಬೇಯಲಿ. ಆಮೇಲೆ ಪುರಸಭೆ ಮುಂದೆ ಕೂರೋಣ, ಕೇಳೋಣ:

ಕ್ರಿಮಿಗಿಲ್ಲದ ಜಾತಿ ನಲ್ಲಿಗೆ ಯಾಕೆ?