ಕೈ ಸವೆಸಿದ ಹಿಡಿ

ಮನೆಯಲ್ಲಿ ಫೋಟೋ ತೆಗೆಯುವುದೆಂದರೆ ಮನುಷ್ಯರ ಫೋಟೋ ತೆಗೆಯುವುದೆಂದೇ ನಮ್ಮಲ್ಲಿ ಬಹುಮಂದಿಯ ಎಣಿಕೆ. ಮದುವೆ, ಮುಂಜಿ, ನಾಮಕರಣ, ಜಾತ್ರೆ ಮೊದಲಾದ ಸಂದರ್ಭಗಳಲ್ಲಿ ಸಾಲಾಗಿ ನಿಂತವರ ಮುಖಗಳು ಚಿತ್ರಕ್ಕೆ ಬರುವುವು. ನೆಂಟರು ಬಂದರೆ ಬಳ್ಳಾರಿಯವರು ಅವರನ್ನು ಕೋಟೆಯ ಗುಡ್ಡದ ಮುಂದೆ ನಿಲ್ಲಿಸುವರು. ಕುರುಗೋಡಿನವರು ದೊಡ್ಡಬಸವೇಶ್ವರನ ಗುಡಿಯ ಮುಂದೆ ನಿಲ್ಲಿಸುವರು. ಇದೆಲ್ಲವೂ ಉಚಿತವೇ ಸರಿ. ಆದರೆ ಈ ತಿಂಗಳು ನಾವು ವಾಚಕರ ದೃಷ್ಟಿಯನ್ನು ಬೇರೊಂದು ಕಡೆಗೆ ತಿರುಗಿಸಬೇಕೆಂದಿರುವೆವು. ಬಾಗಿಲ ಚಿಲಕ, ಕುಡುಗೋಲಿನ ಹಿಡಿ, ಕೊಡಲಿಯ ಕಾವು, ಬೀಸುವ ಕಲ್ಲಿನ ಗೂಟ, ಒನಕೆಯ ನಡು, ಸೌಟಿನ ತುದಿ, ಇವು ನಿತ್ಯವೂ ನಮ್ಮ ಕೈಗೆ ಸಿಕ್ಕುವ ವಸ್ತುಗಳು. ಕಣ್ಣಿಗೆ ಮಾತ್ರ ಬೀಳದಂಥವು. ಇವುಗಳನ್ನು ಹತ್ತಿರದಿಂದ, ಗೇಣುದೂರದಿಂದ, ಚಿತ್ರಿಸಿಡುವ ವಿಷಯವನ್ನೇ ಇಲ್ಲಿ ವಿಚಾರಿಸೋಣ.

ಹಿಡಿಯ ಚಿತ್ರವನ್ನು ತೆಗೆದು ಮಾಡುವುದೇನು ಎಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರವು ಬಳ್ಳಾರಿಯ ಸಮೀಪದ ಸಂಗನಕಲ್ಲು ಗುಡ್ಡಗಳಲ್ಲಿ ದೊರೆಯುವುದು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಅಲ್ಲಿ ವಾಸವಾಗಿದ್ದ ಜನರು ಕಪ್ಪು ಶಿಲೆಯನ್ನು ಒಡೆದು, ಕೆತ್ತಿ, ಉಜ್ಜಿ ಕೊಡಲಿಗಳನ್ನು ಮಾಡುತ್ತಿದ್ದರು. ಹಿರೇಗುಡ್ಡದ ಮೇಲೆ ಅಂಥ ಕೊಡಲಿಗಳ ದೊಡ್ಡ ಕಾರ್ಯಸ್ಥಾನವೇ ಇತ್ತು. ಭೂಗರ್ಭಶಾಸ್ತ್ರಜ್ಞರಾದ ರಾಬರ್ಟ್ ಬ್ರೂಸ್ ಫೂಟ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯನ್ನೆಲ್ಲ ಸುತ್ತಿ ಇವನ್ನು ಲೋಕದ ಗಮನಕ್ಕೆ ತಂದರು. ಆಮೇಲೆ ಬಿ. ಸುಬ್ಬರಾವ್ ಅವರು ಅಲ್ಲಿ ಉತ್ಖನನ ನಡೆಸಿ, ಬಳ್ಳಾರಿಯ ಶಿಲಾಯುಗದ ಸಂಸ್ಕೃತಿಗಳನ್ನು ಕುರಿತ ತಮ್ಮ ಗ್ರಂಥವನ್ನು 1948ರಲ್ಲಿ ಪ್ರಕಟಿಸಿದರು. ಇಂದು ಬಳ್ಳಾರಿ ನಗರದಲ್ಲಿ ಫೂಟ್ ಅವರ ಹೆಸರಿನಲ್ಲಿಯೇ ಒಂದು ವಸ್ತುಸಂಗ್ರಹಾಲಯವಿದೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿಯೂ ಎಂ. ಎಸ್. ನಾಗರಾಜರಾವ್ ಅವರು 1963–64ರಲ್ಲಿ ಅಗೆಯಿಸಿ, ಅದೇ ಕಾಲದ ಜನರ ಗುಂಡನೆಯ ಗುಡಿಸಲುಗಳ ನೆಲವನ್ನೂ, ಮಡಕೆಗಳನ್ನೂ, ಕಲ್ಲಿನ ಆಯುಧಗಳನ್ನೂ ಬೆಳಕಿಗೆ ತಂದರು.

ಈ ಕೊಡಲಿಗಳನ್ನು ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು. ಕಲ್ಲು ಉಳಿದಿದೆ; ಕಾವು ಉಳಿದಿಲ್ಲ. ಮರವು ಗೆದ್ದಲಿಗೂ ಮಳೆಗೂ ತುತ್ತಾಗಿ ಮಣ್ಣಾಯಿತು. ಆ ಕಾವು ಎಷ್ಟು ಉದ್ದವಿತ್ತು, ಯಾವ ಮರದ್ದು, ಅದಕ್ಕೆ ಕಲ್ಲನ್ನು ತೊಗಲಿನಿಂದ ಕಟ್ಟಿದ್ದರೋ ನಾರಿನಿಂದ ಕಟ್ಟಿದ್ದರೋ, ಎಂಬುದನ್ನೆಲ್ಲ ವಿದ್ವಾಂಸರು ಊಹೆಯಿಂದಲೂ ಪ್ರಯೋಗದಿಂದಲೂ ತಿಳಿಯಬೇಕಾಗಿದೆ. ಮರವನ್ನು ತಾಗಿದ ಭಾಗವು ನಮಗೆ ದೊರೆತಿದೆ. ಮನುಷ್ಯನ ಕೈಯನ್ನು ತಾಗಿದ ಭಾಗವು ದೊರೆತಿಲ್ಲ. ಉಪಕರಣಗಳ ಸ್ವಭಾವವೇ ಹೀಗೆ. ಅಲಗು ಗಟ್ಟಿಯಾದ ವಸ್ತುವಿನದು, ಹಿಡಿ ಮೆತ್ತನೆಯ ವಸ್ತುವಿನದು. ಕೈಗೆ ಹಿತವಾಗಿರಬೇಕಾದದ್ದು ಬೇಗ ಸವೆಯುವುದು, ಬೇಗ ಮುರಿಯುವುದು, ಬೇಗ ಬದಲಾಗುವುದು.

ಹಾಗೆ ಹೋಗುವುದನ್ನು ಚಿತ್ರವು ಹಿಡಿದಿಡಬಲ್ಲದು ಎಂಬುದಕ್ಕೂ ನಮ್ಮ ಸೀಮೆಯಲ್ಲಿಯೇ ದೃಷ್ಟಾಂತವುಂಟು. ಹಂಪೆಯು 2021ರಲ್ಲಿ ವಿಜಯನಗರ ಜಿಲ್ಲೆಯಾಗುವವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದಿತಷ್ಟೆ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಮೇಣ ಹಚ್ಚಿದ ಕಾಗದದ ಮೇಲೆ ಅಲ್ಲಿಯ ಗುಡಿಗೋಪುರಗಳ ಛಾಯೆಯನ್ನು ಹಿಡಿದನು. ವಿಠ್ಠಲನ ಗುಡಿಯ ಕಲ್ಲಿನ ತೇರಿನ ಮೇಲೆ ಆಗ ಇಟ್ಟಿಗೆಯ ಶಿಖರವೊಂದಿದ್ದಿತು; ಅದು ಆ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವುದು. ಇಂದು ತೇರು ಇದೆ, ಶಿಖರವಿಲ್ಲ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಎಂಬವರು ಗ್ರೀನ್‌ಲಾ ನಿಂತ ಸ್ಥಳಗಳಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ನಡುವಣ ಕಾಲವು ಏನನ್ನು ಒಯ್ದಿತು, ಏನನ್ನು ಬಿಟ್ಟಿತು ಎಂಬುದು ತಿಳಿಯುವುದು. ಚಿತ್ರ ತೆಗೆದ ದಿನ ಆ ಶಿಖರವು ಅಲ್ಲಿ ಎಲ್ಲರ ಕಣ್ಣಮುಂದೆ ನಿಂತಿದ್ದುದೇ. ಇಂದು ಅದಕ್ಕೆ ಆ ಚಿತ್ರವೇ ಸಾಕ್ಷಿ.

ಇನ್ನು ನಮ್ಮ ಮನೆಗಳ ವಿಷಯ. ಎಷ್ಟೋ ಮನೆಗಳಲ್ಲಿ ಅಜ್ಜನ ಫೋಟೋ ಗೋಡೆಯ ಮೇಲೆ ಇರುವುದು, ಅಜ್ಜಿಯದು ಇಲ್ಲ. ಅವಳ ತಾಯಿಯದಂತೂ ಇಲ್ಲವೇ ಇಲ್ಲ. ಚಿತ್ರ ತೆಗೆಯಿಸಿಕೊಳ್ಳುವ ಅವಕಾಶವಾಗಲಿ, ಬಿಡುವಾಗಲಿ ಆಕೆಗೆ ಇರಲಿಲ್ಲ. ಆದರೆ ಆಕೆ ಕುಟ್ಟಿದ ಒನಕೆಯು ಅಟ್ಟದ ಮೇಲೆ ಇದ್ದೀತು. ಅದನ್ನು ಇಳಿಸಿ ನೋಡಿರಿ. ನಡುಭಾಗದಲ್ಲಿ ಮರವು ಒಂದಿಷ್ಟು ಸಣ್ಣಗಾಗಿ, ಎಣ್ಣೆ ಹಚ್ಚಿದಂತೆ ನುಣುಪಾಗಿರುವುದು. ಅದು ಬಡಗಿಯ ಕೆಲಸವಲ್ಲ. ನಲವತ್ತು ಐವತ್ತು ವರ್ಷ ಒಂದೇ ಎಡೆಯಲ್ಲಿ ಹಿಡಿದು ಎತ್ತಿ ಇಳಿಸಿದ ಅಂಗೈಯ ಕೆಲಸ. ಬೀಸುವ ಕಲ್ಲಿನ ಗೂಟವೂ ಹಾಗೆಯೇ: ಒಂದು ಮಗ್ಗುಲು ಹೆಚ್ಚು ಸವೆದಿದ್ದರೆ, ಆಕೆ ಯಾವ ಕಡೆಗೆ ಕುಳಿತು ಬೀಸುತ್ತಿದ್ದಳೆಂಬುದನ್ನು ಕೂಡ ಊಹಿಸಬಹುದು. ಫೋಟೋ ಇಲ್ಲದ ಮನೆಯಲ್ಲಿ ಆ ಸವೆತವೇ ಆಕೆಯ ಚಿತ್ರ. ಅದನ್ನು ಸೌದೆಯೊಂದಿಗೆ ಒಲೆಗೆ ಹಾಕಿದರೆ, ಇಲ್ಲವೆ ಹಿತ್ತಾಳೆಯ ಸಾಮಾನನ್ನು ತೂಕದ ಮೇಲೆ ಗುಜರಿಯವನಿಗೆ ಕೊಟ್ಟರೆ, ಆಕೆಯ ದುಡಿಮೆಗಿದ್ದ ಕಟ್ಟಕಡೆಯ ಗುರುತೂ ಹೋದಂತೆಯೇ.

ಸಾಮಾನ್ಯ ವಸ್ತುವು ಚಿತ್ರಕ್ಕೆ ಯೋಗ್ಯವಲ್ಲವೆಂದು ಸಂಕೋಚಪಡಬೇಕಾಗಿಲ್ಲ. ಅಮೆರಿಕದ ಪ್ರಸಿದ್ಧ ಛಾಯಾಗ್ರಾಹಕನಾದ ವಾಕರ್ ಇವಾನ್ಸ್ ಎಂಬವನು 1955ರಲ್ಲಿ ‘ಫಾರ್ಚ್ಯೂನ್’ ಪತ್ರಿಕೆಗಾಗಿ ಇಕ್ಕಳ, ತಗಡು ಕತ್ತರಿಸುವ ಕತ್ತರಿ, ಗಾರೆ ಕೆಲಸದ ಕರಣೆ ಮುಂತಾದ ಅಂಗಡಿಯ ಉಪಕರಣಗಳನ್ನು ಒಂದೊಂದಾಗಿ, ಯಾವ ಅಲಂಕಾರವೂ ಇಲ್ಲದೆ, ಬರಿಯ ಹಿನ್ನೆಲೆಯ ಮೇಲಿಟ್ಟು ಚಿತ್ರಿಸಿದನು. ಅವುಗಳ ಅಂದವು ಅವುಗಳ ಉಪಯೋಗದಿಂದಲೇ ಹುಟ್ಟಿದುದು ಎಂಬುದು ನೋಡಿದವರಿಗೆ ಮನವರಿಕೆಯಾಗುವಂತಿತ್ತು. ಅವು ಹೊಸ ಉಪಕರಣಗಳು. ನಮ್ಮ ಮನೆಯ ಹಳೆಯ ಉಪಕರಣಗಳಲ್ಲಿ ಉಪಯೋಗದ ಅಂದದ ಜೊತೆಗೆ ಉಪಯೋಗಿಸಿದವರ ಗುರುತೂ ಇರುವುದು.

ಇಂಥ ಚಿತ್ರಕ್ಕೆ ಬೆಲೆಯುಳ್ಳ ಕ್ಯಾಮರಾ ಬೇಕಿಲ್ಲ. ಕಿಸೆಯಲ್ಲಿರುವ ಮೊಬೈಲೇ ಸಾಕು. ಆದರೆ ಕೆಲವು ವಿಷಯಗಳನ್ನು ಗಮನಿಸತಕ್ಕದ್ದು.

ಮೊದಲನೆಯದು ಬೆಳಕು. ಮೊಬೈಲಿನ ದೀಪವನ್ನು ಹೊತ್ತಿಸಕೂಡದು. ಎದುರಿನಿಂದ ಬಿದ್ದ ಬೆಳಕು ಗೀರುಗಳನ್ನೂ ತಗ್ಗುಗಳನ್ನೂ ಅಳಿಸಿಬಿಡುವುದು. ಹಿತ್ತಾಳೆಯ ಮೇಲಂತೂ ಬಿಳಿಯ ಮಚ್ಚೆಯೊಂದೇ ಕಾಣುವುದು. ವಸ್ತುವನ್ನು ಕಿಟಕಿಯ ಬಳಿ ಇಟ್ಟು, ಬೆಳಕು ಒಂದು ಮಗ್ಗುಲಿನಿಂದ ಓರೆಯಾಗಿ ಬೀಳುವಂತೆ ಮಾಡಬೇಕು. ಆಗ ಸಣ್ಣ ಸಣ್ಣ ತಗ್ಗುಗಳಲ್ಲಿಯೂ ನೆರಳು ನಿಂತು, ಸವೆತವೆಲ್ಲ ಎದ್ದು ಕಾಣುವುದು. ನಮ್ಮ ಬಳ್ಳಾರಿಯ ಬಿಸಿಲಿನಲ್ಲಿ ಹೊರಗೆ ತೆಗೆಯುವುದಾದರೆ ಬೆಳಗಿನ ಎಂಟು ಗಂಟೆಯೊಳಗೆ, ಇಲ್ಲವೆ ಸಂಜೆ ಹೊತ್ತು ಇಳಿದ ಮೇಲೆ ತೆಗೆಯುವುದು ಲೇಸು. ನೆರಳು ತೀರ ಕಪ್ಪಾದರೆ ಆ ಮಗ್ಗುಲಿಗೆ ಒಂದು ಬಿಳಿಯ ಕಾಗದವನ್ನು ನಿಲ್ಲಿಸಿದರಾಯಿತು.

ಎರಡನೆಯದು ದೂರ. ಗೇಣುದೂರದಿಂದ ಆರಂಭಿಸಿ ಮೆಲ್ಲಮೆಲ್ಲನೆ ಹತ್ತಿರ ಹೋಗಬೇಕು. ಚಿತ್ರವು ಮಸುಕಾದೊಡನೆ ಅಷ್ಟಿಷ್ಟು ಹಿಂದೆ ಸರಿಯಬೇಕು. ತೆರೆಯ ಮೇಲೆ ಬೆರಳುಗಳನ್ನು ಅಗಲಿಸಿ ದೊಡ್ಡದು ಮಾಡಿದರೆ, ಸಾಮಾನ್ಯವಾಗಿ ಇದ್ದ ಚಿತ್ರವೇ ಹಿಗ್ಗುವುದಲ್ಲದೆ ಹೊಸ ವಿವರವೇನೂ ಬಾರದು. ಹತ್ತಿರ ಹೋದಷ್ಟೂ ಸ್ಪಷ್ಟವಾಗಿ ಕಾಣುವ ಆಳವು ಕಿರಿದಾಗುವುದು. ಆದುದರಿಂದ ಮೊಬೈಲನ್ನು ಹಿಡಿಯ ಉದ್ದಕ್ಕೆ ಸಮನಾಗಿ ಹಿಡಿದು, ಮುಖ್ಯವಾದ ಎಡೆಯನ್ನು ತೆರೆಯ ಮೇಲೆ ಬೆರಳಿನಿಂದ ಮುಟ್ಟಿ ತೋರಿಸಬೇಕು. ಮೊಣಕೈಗಳನ್ನು ಮಣೆಯ ಮೇಲೂರಿದರೆ ಕೈ ಅಲುಗದು. ಅಡಿಗೆಮನೆಯಲ್ಲಿ ಓಡಾಡಿದ ಮೊಬೈಲಿನ ಮಸೂರಕ್ಕೆ ಎಣ್ಣೆಯ ಜಿಡ್ಡು ಹತ್ತಿರುವುದು ಸಹಜ. ಹಳೆಯ ಹತ್ತಿಬಟ್ಟೆಯಿಂದ ಅದನ್ನು ಒರೆಸಿಕೊಳ್ಳುವುದನ್ನು ಮರೆಯಬಾರದು.

ಮೂರನೆಯದನ್ನು ಗೃಹಿಣಿಯರಿಗೆ ವಿಶೇಷವಾಗಿ ಹೇಳಬೇಕಾಗಿದೆ. ಚಿತ್ರ ತೆಗೆಯುವುದಕ್ಕೆ ಮೊದಲು ಹಿತ್ತಾಳೆಯನ್ನು ಹುಣಸೆಹಣ್ಣಿನಿಂದ ಬೆಳಗಬೇಡಿರಿ. ಮರಕ್ಕೆ ಬಣ್ಣ ಬಳಿಯಬೇಡಿರಿ. ಧೂಳನ್ನು ಮಾತ್ರ ಒರೆಸಿರಿ. ಎಲ್ಲಿ ಕೈ ತಾಗಿತೋ ಅಲ್ಲಿ ಹೊಳಪು, ಎಲ್ಲಿ ತಾಗಲಿಲ್ಲವೋ ಅಲ್ಲಿ ಕಪ್ಪು, ಈ ಭೇದವೇ ನಮಗೆ ಬೇಕಾದದ್ದು. ಬೆಳಗಿಬಿಟ್ಟರೆ ಎಲ್ಲವೂ ಒಂದೇ ಆಗುವುದು.

ಒಂದೊಂದು ವಸ್ತುವಿಗೂ ಮೂರು ಚಿತ್ರಗಳು ಬೇಕು. ಒಂದು, ಇಡಿಯ ವಸ್ತುವಿನದು, ಅಳತೆ ತಿಳಿಯುವಂತೆ ಪಕ್ಕದಲ್ಲಿ ಒಂದು ನಾಣ್ಯವನ್ನಿಟ್ಟು. ಎರಡನೆಯದು, ಹಿಡಿಯದು ಮಾತ್ರ, ಸಮೀಪದಿಂದ. ಮೂರನೆಯದು, ಅದನ್ನು ಬಳಸಿ ಬಲ್ಲವರ ಕೈಯಲ್ಲಿದ್ದಂತೆ. ಈ ಮೂರನೆಯದನ್ನು ಮುಂದಕ್ಕೆ ಹಾಕಬಾರದು. ಒನಕೆಯನ್ನು ಎಲ್ಲಿ ಹಿಡಿಯಬೇಕು, ಕಡೆಗೋಲಿನ ಹಗ್ಗವನ್ನು ಹೇಗೆ ಎಳೆಯಬೇಕು ಎಂಬುದು ಹಿರಿಯರ ಕೈಗೆ ಗೊತ್ತು; ಅವರ ತರುವಾಯ ಅದನ್ನು ತೋರಿಸುವವರಿಲ್ಲ.

ಮನೆಯ ಹೊರಗೂ ಇಂಥವು ಹೇರಳವಾಗಿವೆ. ಬಳ್ಳಾರಿಯ ಜೀನ್ಸ್ ಉಡುಪುಗಳಿಗೆ ಹೊರನಾಡುಗಳಲ್ಲಿಯೂ ಹೆಸರಿದೆ. ಆ ದಪ್ಪ ಬಟ್ಟೆಯನ್ನು ಕತ್ತರಿಸುವವರಲ್ಲಿ ಕೆಲವರು, ಹೆಬ್ಬೆರಳು ನೋಯದಿರಲೆಂದು ಕತ್ತರಿಯ ಹಿಡಿಗೆ ಬಟ್ಟೆಯ ಪಟ್ಟಿಯನ್ನು ಸುತ್ತಿಕೊಳ್ಳುವುದುಂಟು. ಸಿರುಗುಪ್ಪದ ಕಡೆ ತುಂಗಭದ್ರೆಯ ನೀರಿನ ಗದ್ದೆಗಳಲ್ಲಿ ಈಗ ಭತ್ತ ಕೊಯ್ಯುವ ಯಂತ್ರಗಳು ಓಡಾಡುತ್ತಿವೆ. ಕುಡುಗೋಲುಗಳು ಸೂರಿಗೆ ಸಿಕ್ಕಿಸಿದಂತೆಯೇ ಉಳಿದಿವೆ. ನೇಗಿಲ ಮೇಳಿಯೂ ದನದ ಕೊಟ್ಟಿಗೆಯ ಮೂಲೆಯನ್ನು ಸೇರಿದೆ. ಕುರುಗೋಡಿನಂಥ ಹಳೆಯ ಊರುಗಳಲ್ಲಿ, ಹೊಸ ಮನೆ ಕಟ್ಟುವಾಗ ಹಳೆಯ ಕದಗಳು ಚಿಲಕ, ಅಗುಳಿ, ಕಬ್ಬಿಣದ ಬಳೆಗಳ ಸಮೇತ ಮಾರಾಟವಾಗಿ ಹೋಗುವುವು. ಇನ್ನೊಬ್ಬರ ಉಪಕರಣವನ್ನು ಚಿತ್ರಿಸುವಾಗ ಅವರ ಅಪ್ಪಣೆಯನ್ನು ಕೇಳಬೇಕು. ಚಿತ್ರದ ಒಂದು ಪ್ರತಿಯನ್ನು ಅವರಿಗೂ ಕೊಡಬೇಕು. ಸಂಗನಕಲ್ಲು, ತೆಕ್ಕಲಕೋಟೆಗಳ ಗುಡ್ಡಗಳಿಗೆ ಹೋದವರು ಚಿತ್ರವನ್ನು ಮಾತ್ರ ತರತಕ್ಕದ್ದು. ಕಲ್ಲನ್ನು ಇದ್ದ ಜಾಗದಲ್ಲಿಯೇ ಬಿಡತಕ್ಕದ್ದು. ಇದ್ದ ಜಾಗದಿಂದ ಎತ್ತಿದ ಕಲ್ಲು ವಿದ್ವಾಂಸರಿಗೆ ಅರ್ಧ ಮೂಕವಾಗುವುದು.

ಕಡೆಯದಾಗಿ, ಹೆಸರಿಲ್ಲದ ಚಿತ್ರವು ಬಹುಕಾಲ ನಿಲ್ಲದು. ಮೊಬೈಲಿನಲ್ಲಿ ಸಾವಿರಾರು ಚಿತ್ರಗಳ ನಡುವೆ ಇದೊಂದು ಕಳೆದುಹೋಗುವುದು. ಮೊಬೈಲು ಕೆಟ್ಟರೆ ಎಲ್ಲವೂ ಹೋಗುವುದು. ಮುಖ್ಯವಾದ ಹತ್ತು ಹನ್ನೆರಡನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಬೆನ್ನಿಗೆ ಪೆನ್ಸಿಲಿನಿಂದ ನಾಲ್ಕು ಮಾತು ಬರೆಯಿರಿ: ವಸ್ತುವಿನ ಹೆಸರು, ಬಳಸಿದವರು, ಊರು, ಚಿತ್ರ ತೆಗೆದ ದಿನ. ಹೆಸರನ್ನು ಮನೆಯ ಹಿರಿಯರಿಂದಲೇ ಕೇಳಿ ಬರೆಯುವುದು ಒಳ್ಳೆಯದು. ಹಿಡಿ, ಹಿಡಿಕೆ, ಕಾವು, ಮೇಳಿ, ಗೂಟ, ಒಂದೊಂದಕ್ಕೂ ನಮ್ಮವರು ಬೇರೆ ಬೇರೆ ಮಾತನ್ನು ಇಟ್ಟಿದ್ದಾರೆ. ವಸ್ತುವು ಹೋದ ಮನೆಯಿಂದ ಮಾತೂ ಬಲುಬೇಗ ಹೊರಟುಹೋಗುವುದು.

ಯುಗಾದಿಗೆ ಮುಂಚೆ ಅಟ್ಟದ ಸಾಮಾನನ್ನೆಲ್ಲ ಇಳಿಸಿ ಗುಡಿಸುವ ರೂಢಿ ನಮ್ಮ ಮನೆಗಳಲ್ಲಿ ಉಂಟು. ಇಡತಕ್ಕದ್ದು ಯಾವುದು, ಕೊಡತಕ್ಕದ್ದು ಯಾವುದು ಎಂದು ಆ ದಿನವೇ ನಿಶ್ಚಯವಾಗುವುದು. ಎಲ್ಲವನ್ನೂ ಇಟ್ಟುಕೊಳ್ಳಿರೆಂದು ನಾವು ಹೇಳಲಾರೆವು. ಇಂದಿನ ಮನೆಗಳಲ್ಲಿ ಅಷ್ಟು ಸ್ಥಳವೆಲ್ಲಿ? ಆದರೆ ಕೊಡುವ ಗುಂಪಿಗೆ ಸೇರಿದ ವಸ್ತುವು ಹೊಸ್ತಿಲು ದಾಟುವ ಮುನ್ನ ಅದನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ, ಮನೆಯ ಹಿರಿಯರ ಕೈಗೆ ಕೊಡಿರಿ, ಚಿತ್ರ ತೆಗೆಯಿರಿ. ಹತ್ತು ನಿಮಿಷದ ಕೆಲಸ. ಕಲ್ಲಿನ ಕೊಡಲಿಯ ಕಾವನ್ನು ನಮಗಾಗಿ ಯಾರೂ ಹೀಗೆ ಹಿಡಿದಿಡಲಿಲ್ಲ. ಹಿಡಿದಿಡುವ ಉಪಾಯವೂ ಅವರಿಗಿರಲಿಲ್ಲ. ನಮಗೆ ಉಪಾಯವಿದೆ.