ಮೈ ತುಂಬಿಸುವ ಮಾತ್ರೆ, ಮೂಳೆ ತಿನ್ನುವ ಮಾತ್ರೆ

ನನ್ನ ಅಕ್ಕನ ಮಗಳಿಗೆ ಈಗ 26 ವರ್ಷ. ಕೋಲು ಹಿಡಿಯದೆ ಬಚ್ಚಲಿಗೂ ಹೋಗಲಾರಳು. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ನಿಂತು ಅದು ಸತ್ತಿದೆ. ಸ್ಕ್ಯಾನಿಂಗ್ ನೋಡಿದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ದಪ್ಪ ಆಗೋಕೆ ಏನಾದ್ರೂ ಮಾತ್ರೆ ತಗೊಂಡಿದ್ಯಾಮ್ಮ?" ಅಕ್ಕ ತಲೆ ತಗ್ಗಿಸಿದಳು.

ನೋಡಲು ಬಂದ ಗಂಡಿನ ಕಡೆಯವರು "ಹುಡುಗಿ ತೀರಾ ಸಣಕಲು" ಅಂದು ಎದ್ದು ಹೋಗಿದ್ದರು. ಮೆಡಿಕಲ್ ಶಾಪಿನಲ್ಲಿ ಕೇಳಿದ್ದಕ್ಕೆ ಸ್ಟ್ರಿಪ್ಪಿನಿಂದ ಬಿಡಿಸಿದ ಮಾತ್ರೆಗಳನ್ನು ಕಾಗದದ ಪೊಟ್ಟಣ ಕಟ್ಟಿ ಕೊಟ್ಟರು. ಚೀಟಿ ಕೇಳಲಿಲ್ಲ, ಬಿಲ್ಲು ಕೊಡಲಿಲ್ಲ. ಎರಡು ತಿಂಗಳಿಗೆ ಕೆನ್ನೆ ತುಂಬಿತು. ಚಂದ್ರನಂಥ ಮುಖ ಅಂದರು ಬಂದವರೆಲ್ಲ. ನಾನೂ ಅಂದೆ. ಒಂದೂವರೆ ವರ್ಷ ಆ ಪೊಟ್ಟಣ ಮನೆಗೆ ಬರುತ್ತಲೇ ಇತ್ತು. ಆ ದುಂಡು ಮುಖ ರೋಗದ ಗುರುತೆಂದು ಅಮೆರಿಕದ ವೈದ್ಯ ಹಾರ್ವೆ ಕುಶಿಂಗ್ 1912ರಲ್ಲೇ ಪುಸ್ತಕ ಬರೆದು ತಿಳಿಸಿದ್ದರು.

ಜಗಳವಾಡಿದ ಮೇಲೆ ಅಂಗಡಿಯವನು ಸ್ಟ್ರಿಪ್ ತೋರಿಸಿದ. ಡೆಕ್ಸಾಮೆಥಸೋನ್. ಪಕ್ಕದಲ್ಲಿ ಉದ್ದಕ್ಕೆ ಕೆಂಪು ಗೆರೆ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಎಚ್ಚರಿಕೆ. ಅದನ್ನು ನಾವು ಓದಬಾರದೆಂದೇ ಮಾತ್ರೆ ಬಿಡಿಸಿ ಕೊಟ್ಟಿದ್ದ. ಇದನ್ನು ನಾನು ಕ್ಷಮಿಸಲಾರೆ.

ಔಷಧಿಯ ಮೇಲೆ ನನಗೆ ಸಿಟ್ಟಿಲ್ಲ. 2020ರಲ್ಲಿ ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳ ಜೀವ ಉಳಿಸಿದ್ದು ಇದೇ, ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ಆದರೆ ಒಂದೂವರೆ ವರ್ಷ? ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಎಂಬ ಹಾರ್ಮೋನು ಸುರಿಸುತ್ತದೆ. ಡೆಕ್ಸಾಮೆಥಸೋನ್ ಅದರ ನಕಲು, ಬಲದಲ್ಲಿ ಸುಮಾರು 25 ಪಟ್ಟು. ಮೂಳೆಯ ಮಜ್ಜೆಯಲ್ಲಿರುವ ಕಾಂಡಕೋಶಗಳು ಮೂಳೆ ಕಟ್ಟುವ ಕೋಶವೂ ಆಗಬಲ್ಲವು, ಕೊಬ್ಬಿನ ಕೋಶವೂ ಆಗಬಲ್ಲವು. ಈ ಹಾರ್ಮೋನು ಮಿತಿಮೀರಿ ತಿಂಗಳುಗಟ್ಟಲೆ ಹರಿದರೆ ಒಳಗೆ ಪಿಪಿಎಆರ್ ಗಾಮಾ ಎಂಬ ಪ್ರೋಟೀನಿನ ಕೈ ಮೇಲಾಗುತ್ತದೆ, ಕೋಶ ಕೊಬ್ಬಿನ ಹಾದಿ ಹಿಡಿಯುತ್ತದೆ. ಮೂಳೆ ಕಟ್ಟಲು ಆಳು ಸಾಲದಾಗುತ್ತದೆ. ಮಜ್ಜೆಯಲ್ಲಿ ಹೀಗೆ ಉಬ್ಬಿದ ಕೊಬ್ಬು ರಕ್ತನಾಳಗಳನ್ನು ಒತ್ತುವುದೂ ತೊಡೆಮೂಳೆಯ ತಲೆ ಸಾಯಲು ಒಂದು ಕಾರಣ ಎನ್ನುತ್ತಾರೆ ವೈದ್ಯರು. ಪ್ರಯೋಗಾಲಯದ ತಟ್ಟೆಯಲ್ಲಿ ಕಾಂಡಕೋಶಗಳನ್ನು ಕೊಬ್ಬಾಗಿಸಬೇಕಾದರೆ ವಿಜ್ಞಾನಿಗಳು ಇನ್ಸುಲಿನ್ ಜೊತೆ ಹಾಕುವುದು ಇದೇ ಡೆಕ್ಸಾಮೆಥಸೋನನ್ನು. ಎರಡು-ಮೂರು ವಾರದಲ್ಲಿ ಕೋಶದೊಳಗೆ ಎಣ್ಣೆಯ ಹನಿಗಳು ಕಾಣುತ್ತವೆ. ತಟ್ಟೆಯ ಮೇಲಿನ ಆ ಕೆಲಸವನ್ನು ಒಂದು ಅಂಗಡಿ ನಮ್ಮ ಹುಡುಗಿಯ ಮೂಳೆಯೊಳಗೆ ಮಾಡಿಸಿತು. ನಾವು ದುಡ್ಡು ಕೊಟ್ಟೆವು.

ನಿಮ್ಮ ಬೀದಿಯಲ್ಲೂ ಇಂಥ ಅಂಗಡಿ ಇದೆ. ಯಾವುದೆಂದು ನಿಮಗೆ ಗೊತ್ತು. ಮಂಡಿನೋವಿಗೆ ಅಲ್ಲಿಂದಲೇ ಪೊಟ್ಟಣ ತಂದಿರಬಹುದು. ಗೊತ್ತಿದ್ದೂ ಸುಮ್ಮನಿರುವುದು ಯಾವ ನ್ಯಾಯ? ಹೆಣ್ಣು ನೋಡಲು ಹೋಗಿ, ಉಪ್ಪಿಟ್ಟು ತಿಂದು, "ಇನ್ನೊಂಚೂರು ಮೈ ತುಂಬಿಕೊಂಡಿದ್ದರೆ" ಎನ್ನುವ ಹಿರಿಯರೇ, ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಯೋಚಿಸಿದ್ದೀರಾ? ಔಷಧ ನಿಯಂತ್ರಣದ ಅಧಿಕಾರಿಗಳೇ, ಗಿರಾಕಿಯ ವೇಷದಲ್ಲಿ ಒಮ್ಮೆ ಹೋಗಿ ಕೇಳಿ ನೋಡಿ.

ಕೈಮುಗಿದು ಬೇಡುತ್ತೇನೆ, ಹೆಸರಿಲ್ಲದ ಮಾತ್ರೆ ಕೊಳ್ಳಬೇಡಿ. ಸ್ಟ್ರಿಪ್ ಕೇಳಿ, ಬಿಲ್ ಕೇಳಿ, ಕೊಡದಿದ್ದರೆ ಅಲ್ಲೇ ನಿಂತು ಜೋರಾಗಿ ಕೇಳಿ. ಈಗಾಗಲೇ ತಿಂಗಳುಗಟ್ಟಲೆ ನುಂಗುತ್ತಿರುವವರು ಇದನ್ನು ಓದಿ ಹೆದರಿ ಒಮ್ಮೆಲೇ ನಿಲ್ಲಿಸಬೇಡಿ, ಅಷ್ಟರಲ್ಲಿ ನಿಮ್ಮ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಮರೆತಿರುತ್ತದೆ, ಜೀವಕ್ಕೇ ಅಪಾಯ. ವೈದ್ಯರ ಹತ್ತಿರ ಹೋಗಿ, ನಿಧಾನವಾಗಿ ಇಳಿಸುತ್ತಾರೆ. ಆಸ್ತಮಾ, ಸಂಧಿವಾತಕ್ಕೆ ವೈದ್ಯರೇ ಬರೆದುಕೊಟ್ಟಿದ್ದರೆ ಅವರನ್ನು ಕೇಳದೆ ಏನನ್ನೂ ಬದಲಿಸಬೇಡಿ.

ಮನೆಯಲ್ಲಿ ಯಾರ ಕೆನ್ನೆಯಾದರೂ ಇದ್ದಕ್ಕಿದ್ದಂತೆ ತುಂಬಿಕೊಂಡಿದ್ದರೆ ಇವತ್ತು ರಾತ್ರಿಯೇ ಪಕ್ಕದಲ್ಲಿ ಕೂತು ಕೇಳಿ, ಗದರದೆ. ನಾವು ಕೇಳಲಿಲ್ಲ.